ಅವ್ವನ ಮುಖಕ್ಕೆ ಎಣ್ಣೆಬಣ್ಣ

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ, ಮಡಿಕೇರಿಯ ಆಚೆಗೆ ಬೇರೊಂದು ರಾಜಧಾನಿ ಇದ್ದೀತೆಂದು ಮಕ್ಕಳಾದ ನಮಗೆ ಹೊಳೆಯದಿದ್ದ ಕಾಲ. ಅಪ್ಪ ಅಮ್ಮತ್ತಿ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ನಾನು ಅಷ್ಟೇ. ನನಗೆ ಬುದ್ಧಿ ತಿಳಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಅವಳ ಮಾತೆತ್ತಿದರೆ ಸಾಕು, ಅಪ್ಪ ಚಪ್ಪಲಿ ಮೆಟ್ಟಿ ತೋಟದ ಕಡೆ ಹೊರಟುಬಿಡುತ್ತಿದ್ದರು.

ಆ ವರ್ಷ ಕಾಫಿ ಹೂ ಬಿಡುವ ಹೊತ್ತಿಗೆ ಎಸ್ಟೇಟಿನ ಡಾಕ್ಟರ ತಂಗಿ ಲೂಸಿ ಟೀಚರ್ ಮಂಗಳೂರಿನಿಂದ ಬಂದು ಅಣ್ಣನ ಮನೆಯಲ್ಲಿ ಉಳಿದರು. ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎಣ್ಣೆಬಣ್ಣದ ಚಿತ್ರ ಕಲಿಸತೊಡಗಿದರು. ಕುಂಟೆಬಿಲ್ಲೆ ಆಟ ಅರ್ಧಕ್ಕೆ ಬಿಟ್ಟು ನಾವು ಓಡುತ್ತಿದ್ದೆವು. ತೋಟದಿಂದ ಬರುವ ಹೂವಿನ ಘಮ, ಜಗಲಿಯಲ್ಲಿ ಟರ್ಪೆಂಟೈನಿನ ಘಾಟು, ಒಳಗಿನಿಂದ ಬೆಲ್ಲದ ಕಾಫಿಯ ಪರಿಮಳ. ಸೋಪು ಹಾಕಿ ಎಷ್ಟು ಉಜ್ಜಿದರೂ ರಾತ್ರಿ ತಿನ್ನುವ ಅಕ್ಕಿರೊಟ್ಟಿಗೂ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು.

ಮೊದಲು ಹಲಗೆಗೆ ಬಿಳಿ ಬಳಿದು ಒಣಗಿಸುವುದು, ಆಮೇಲೆ ಒಂದು ಮಣ್ಣಿನ ಮಡಕೆ. ವಾರಗಟ್ಟಲೆ ಅದೇ ಮಡಕೆ. ಕೊನೆಗೊಂದು ಶನಿವಾರ ಟೀಚರ್, "ಇನ್ನು ನಿಮಗೆ ಬೇಕಾದ್ದು ಬರೆಯಿರಿ" ಎಂದರು.

"ನಂಗೆ ಅವ್ವನ ಮುಖ ಬರೀಬೇಕು. ಆದ್ರೆ ಅವಳು ಹೇಗಿದ್ಳು ಅಂತ ನಂಗೊತ್ತಿಲ್ಲ" ಎಂದೆ.

ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಟೀಚರ್ ನಗಲಿಲ್ಲ. "ಗೊತ್ತಿದ್ದವರನ್ನು ಕರ್ಕೊಂಡು ಬಾ ಮಾರಾಯ್ತಿ" ಎಂದರು.

ಮುಂದಿನ ವಾರ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿ ಬಂದರು. ಟೀಚರ್ ಕಂದು ಬಣ್ಣಕ್ಕೆ ಹಳದಿ ಬೆರೆಸಿ, ತುಸು ಹಸಿರನ್ನೂ ಸೇರಿಸಿದಾಗ ಅಜ್ಜಿಗೆ ಗಾಬರಿ. "ಮುಖಕ್ಕೆ ಹಸಿರಾ?" ಎಂದರು. ಹಲಗೆಯ ಮೇಲೆ ಹಚ್ಚಿದ ಮೇಲೆ ಕಣ್ಣು ಕಿರಿದು ಮಾಡಿ ನೋಡಿ, "ಹೌದು, ಅವಳ ಬಣ್ಣವೇ" ಎಂದು ಮೆತ್ತಗಾದರು.

ನಾನು ಮೂಗು ಬರೆದೆ.

"ಗೂಡೇ, ಅವಳ ಮೂಗು ಇಷ್ಟು ದಪ್ಪ ಇತ್ಲೆ!" ಎಂದರು ಅಜ್ಜಿ. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುತ್ತಾರೆ.

ನನ್ನ ಕಣ್ಣು ತುಂಬಿತು. ಟೀಚರ್ ಸಣ್ಣ ಚೂರಿಯಿಂದ ಬಣ್ಣವನ್ನು ಮೆಲ್ಲಗೆ ಕೆರೆದು ತೆಗೆದರು. "ಅಳುವುದು ಎಂತಕ್ಕೆ? ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ತಪ್ಪಿದ್ರೆ ತೆಗೆಯುವ, ಮತ್ತೆ ಬರೆಯುವ."

ಹೀಗೆ ಅಜ್ಜಿ ಹೇಳುವುದು, ನಾನು ಬರೆಯುವುದು, ಟೀಚರ್ ಕೆರೆಯುವುದು. ಮುಖದ ನೆಪದಲ್ಲಿ ಅಜ್ಜಿ ಅವ್ವನ ಸಿಟ್ಟು, ಅವ್ವನ ನಗು, ಹಲಸಿನಹಣ್ಣಿನ ಮೇಲೆ ಅವಳಿಗಿದ್ದ ಆಸೆ ಎಲ್ಲವನ್ನೂ ಹೇಳಿದರು.

ಒಂದು ಸಂಜೆ ಅಜ್ಜಿಯನ್ನು ಕರೆದೊಯ್ಯಲು ಅಪ್ಪ ಬಂದರು. ಚಿತ್ರ ಕಂಡವರೇ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಈಗ ತಿರುಗಿ ಹೊರಡುತ್ತಾರೆ ಎಂದುಕೊಂಡೆ.

ಅವರು ಹೊರಡಲಿಲ್ಲ. "ಎಡಹುಬ್ಬಿನ ತುದಿಲಿ ಒಂದು ಗಾಯದ ಗುರುತು ಇತ್ತ್. ಸಣ್ಣದಿರ್ಕನ ಸಂಪಾಜೆ ಹೊಳೆಲಿ ಜಾರಿ ಬಿದ್ದದ್" ಎಂದರು. ಅಪ್ಪನ ಬಾಯಲ್ಲಿ ಅವ್ವನ ಬಾಲ್ಯದ ಮಾತು ನಾನು ಕೇಳಿದ್ದು ಅದೇ ಮೊದಲು.

"ನೀವೇ ಹಾಕಿ ರೈಟರೇ" ಎಂದು ಟೀಚರ್ ಕುಂಚ ಕೊಟ್ಟರು.

ಅಪ್ಪ ಹುಬ್ಬಿನ ತುದಿಗೆ ಒಂದು ಸಣ್ಣ ಗೆರೆ ಎಳೆದು, ಕುಂಚ ನನಗೆ ಕೊಟ್ಟು, ಅಲ್ಲೇ ನನ್ನ ಪಕ್ಕ ಕೂತರು.

ಚಿತ್ರ ಮುಗಿದಾಗ ಅಜ್ಜಿ ತೀರ್ಪು ಕೊಟ್ಟರು: "ಅವಳೇ ಅಲ್ಲ. ಆದ್ರೆ ಅವಳ ಅಕ್ಕನಂಗೆ ಉಟ್ಟು." ಅಕ್ಕನ ಹಾಗಿದೆ ಎಂಬ ಮಾತಿಗೆ ಅಪ್ಪ ಜೋರಾಗಿ ನಕ್ಕರು. ಅಂದಿನಿಂದ ನಮ್ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅವ್ವನ ಮಾತು ಬರುತ್ತಿತ್ತು, ಯಾರೂ ಎದ್ದು ಹೋಗುತ್ತಿರಲಿಲ್ಲ.

ಕೊಡಗು ಮೈಸೂರಿಗೆ ಸೇರುವ ಹೊತ್ತಿಗೆ ಟೀಚರ್ ಮಂಗಳೂರಿಗೆ ಮರಳಿದರು. ಮತ್ತೆ ಅವರನ್ನು ನೋಡಲಾಗಲಿಲ್ಲ. ಅಜ್ಜಿ ಹೋದರು, ಅಪ್ಪನೂ ಹೋದರು. ಮಳೆಗಾಲದ ಬೂಷ್ಟು ಹಿಡಿದು ಹಲಗೆಯೂ ಹಾಳಾಯಿತು. ಅವ್ವನನ್ನು ಕಣ್ಣಾರೆ ಕಂಡವರು ಈಗ ಭೂಮಿಯ ಮೇಲೆ ಒಬ್ಬರೂ ಇಲ್ಲ. ಆದರೂ ಮೊಮ್ಮಕ್ಕಳು "ನಿಮ್ಮವ್ವ ಹೇಗಿದ್ರು ಅಜ್ಜಿ?" ಎಂದು ಕೇಳಿದರೆ ನಾನು ತಡವರಿಸುವುದಿಲ್ಲ. ಹತ್ತಿರ ಕೂರಿಸಿಕೊಂಡು ಹೇಳುತ್ತಾ ಹೋಗುತ್ತೇನೆ.