ಇತಾಫ್ ಟೀಚರ್ ತಳ್ಳಿಸಿದ ಕಲ್ಲಂಗಡಿ ಗಾಡಿ

ಇತಾಫ್‌ಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಸಾಲ್ಟ್ ಎಂಬ ಗುಡ್ಡದ ಊರಿನ ಕಡಿದಾದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಲೇ ಬೆಳೆದವಳು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ನೀನು" ಎಂದು ತಾಯಿ ಬೈಯುತ್ತಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರಾಗಿ ವರ್ಷಗಳೇ ಕಳೆದರೂ ಅವಳ ಕುರ್ಚಿ ಸವೆದಿರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಬಲ ಮತ್ತು ಚಲನೆಯ ಪಾಠ ಬಂತು. "ನಿಂತ ವಸ್ತು ಯಾರಾದರೂ ತಳ್ಳುವವರೆಗೆ ನಿಂತೇ ಇರುತ್ತದೆ, ಓಡುವ ವಸ್ತು ಏನಾದರೂ ತಡೆಯುವವರೆಗೆ ಓಡುತ್ತಲೇ ಇರುತ್ತದೆ." ಮಕ್ಕಳು ರಾಗವಾಗಿ ಒಪ್ಪಿಸಿದರು. ಹಾಗೆಂದರೇನು ಎಂದು ಕೇಳಿದರೆ ಮತ್ತೆ ಅದೇ ರಾಗ. ಇತಾಫ್‌ಗೆ ಮೈಯೆಲ್ಲ ಉರಿದುಹೋಯಿತು.

"ಮಿಸ್, ಇದು ಸುಳ್ಳು," ಎಂದಳು ಲುಜೈನ್. "ನಾನು ಉರುಳಿಸಿದ ಚೆಂಡು ತನ್ನಷ್ಟಕ್ಕೇ ನಿಲ್ಲುತ್ತೆ. ಯಾರೂ ತಡೆಯಲ್ಲ."

ಉತ್ತರ ಬಾಯಿಗೆ ಬಂದಿತ್ತು. ಹೇಳಿಬಿಟ್ಟರೆ ಅದನ್ನೂ ಬಾಯಿಪಾಠ ಮಾಡುತ್ತಾರೆ ಎನಿಸಿ ಇತಾಫ್ ಬಾಗಿಲು ತೆರೆದಳು. "ಏಳ್ರೇ ಎಲ್ರೂ!"

ಶಾಲೆಯ ಹಿಂದಿನ ಓಣಿಯಲ್ಲಿ ಅಬು ಸಖರ್ ಕಲ್ಲಂಗಡಿ ಮಾರುತ್ತಿದ್ದ. ಕೈಗಾಡಿ ಕೊಡು ಎಂದರೆ ಮೀಸೆಯಲ್ಲೇ ನಕ್ಕ. "ತಗೋ ಮಗಳೇ. ಆದ್ರೆ ಇದೂ ನಿನ್ನ ಹಾಗೇನೇ, ಹೊರಟ್ರೆ ನಿಲ್ಲಲ್ಲ."

ಖಾಲಿ ಗಾಡಿಯನ್ನು ಇಬ್ಬರು ತಳ್ಳಿದರೆ ಸರಸರ ಹೋಯಿತು. ಹಣ್ಣು ಹೇರಿದ ಮೇಲೆ ಅದೇ ಇಬ್ಬರಿಗೆ ಜಗ್ಗಲಿಲ್ಲ. "ಭಾರ ಹೆಚ್ಚಾದ್ರೆ ಬಲಾನೂ ಹೆಚ್ಚು ಬೇಕು," ಎಂದು ಇತಾಫ್ ಇನ್ನಷ್ಟು ಮಕ್ಕಳನ್ನು ಕರೆದಳು. ಎಲ್ಲರೂ ಸೇರಿ ಒಮ್ಮೆಲೇ ನೂಕಿದ ರಭಸಕ್ಕೆ ಗಾಡಿ ಸಮತಟ್ಟು ಜಾಗ ದಾಟಿ ಇಳಿಜಾರು ಹಿಡಿಯಿತು.

ಕೆಳಗೆ ಕಾಫಿ ಅಂಗಡಿ. ಮುದುಕನೊಬ್ಬ ಕೋಲೂರಿಕೊಂಡು ಆಗಷ್ಟೇ ಏಳುತ್ತಿದ್ದ.

ಇತಾಫ್ ಓಡಿದಳು. ಎದುರು ನಿಂತು ತಡೆಯುವ ಮಾತೇ ಇರಲಿಲ್ಲ. ಹಿಡಿಯನ್ನು ಪಕ್ಕಕ್ಕೆ ಎಳೆದು ಗಾಡಿಯನ್ನು ಗೋಡೆಗೆ ಒತ್ತಿದಳು. ಕಲ್ಲಿಗೆ ಉಜ್ಜಿಕೊಂಡು ಕಿರುಗುಟ್ಟುತ್ತಾ ಸ್ವಲ್ಪ ದೂರ ಹೋದ ಗಾಡಿ ಮೂಲೆಯೊಂದಕ್ಕೆ ಬಡಿದು ನಿಂತಿತು. ಹಣ್ಣುಗಳು ನಿಲ್ಲಲಿಲ್ಲ. ಮುಂದಕ್ಕೆ ಹಾರಿ ಮುದುಕನ ಕಾಲ ಬುಡದಲ್ಲಿ ಪಟಪಟನೆ ಒಡೆದವು. ಇತಾಫ್ ಕೂಡ ಹಾರಿ ಬಿದ್ದಳು, ಮಣಿಕಟ್ಟು ಮುರಿಯಿತು.

ಲುಜೈನ್ ಬಿಕ್ಕುತ್ತಾ ಬಂದು ಪಕ್ಕ ಕೂತಳು. "ಮಿಸ್, ಗಾಡೀನ ಗೋಡೆ ತಡೀತು. ಹಣ್ಣನ್ನ ಯಾರೂ ತಡೀಲಿಲ್ಲ." ಮೂಗು ಒರೆಸಿಕೊಂಡು ತಟ್ಟನೆ ತಲೆಯೆತ್ತಿದಳು. "ಹಾಗಾದ್ರೆ ನನ್ನ ಚೆಂಡನ್ನ... ನೆಲ ಉಜ್ಜಿ ಉಜ್ಜಿ ನಿಲ್ಲಿಸುತ್ತಾ?"

ಆ ನೋವಿನಲ್ಲೂ ಇತಾಫ್‌ಗೆ ನಗು ಬಂತು. ಮುದುಕನ ಬಿಳಿಚಿದ ಮುಖ ಕಂಡದ್ದೇ ತಡ, ನಗು ಒಣಗಿತು.

ಮುಖ್ಯೋಪಾಧ್ಯಾಯಿನಿ ನುಹಾ ಕೂಗಾಡಲಿಲ್ಲ. "ಒಂದು ಗೇಣು ಆಚೆ ಈಚೆ ಆಗಿದ್ರೆ?" ಎಂದಳು ಅಷ್ಟೇ.

"ತಪ್ಪು ನಂದೇ ಅಕ್ಕಾ. ಚಕ್ರಕ್ಕೆ ಕಲ್ಲು ಕೊಡಬೇಕಿತ್ತು, ಹಗ್ಗ ಕಟ್ಟಬೇಕಿತ್ತು."

"ರಜಾ ಬರೋವರೆಗೆ ಮಕ್ಕಳು ಹೊಸ್ತಿಲು ದಾಟಬಾರದು. ನೀನೂ ಅಷ್ಟೇ."

ಇತಾಫ್ ಕೈಗೆ ಪಟ್ಟಿ ಕಟ್ಟಿಕೊಂಡು ಹಲಗೆಗೂ ಹಿಂದಿನ ಗೋಡೆಗೂ ನಡುವೆ ಸುತ್ತುತ್ತಲೇ ಪಾಠ ಮುಗಿಸಿದಳು. ರಜೆಯಲ್ಲಿ ಆ ಮುದುಕನ ಮನೆಗೆ ಹೋಗಿ ಬಂದಳು. ಅವನು ಚಹಾ ಕೊಟ್ಟು, "ನನ್ನ ಮೊಣಕಾಲು ಹಿಡಿದು ಹತ್ತು ವರ್ಷ ಆಗಿತ್ತು ಕಣಮ್ಮಾ, ಅವತ್ತು ಜಿಂಕೆ ಹಾಗೆ ನೆಗೆದೆ," ಎಂದು ನಕ್ಕ. ಅವಳು ಮಾತ್ರ ಚಹಾ ಲೋಟವನ್ನು ಹಾಗೇ ಕೆಳಗಿಟ್ಟಳು.

ಮುಂದಿನ ವರ್ಷ ಅದೇ ಪಾಠ ಬಂದಾಗ ಅವಳೇ ನುಹಾಳ ಕೋಣೆಗೆ ಹೋದಳು. "ಅಂಗಳದಲ್ಲಿ ಮಾಡ್ತೀನಿ. ಸಮತಟ್ಟು ಜಾಗ. ಹಗ್ಗ ನೀವೇ ಹಿಡೀರಿ."

ನುಹಾ ಬಳೆ ಹಿಂದೆ ಸರಿಸಿಕೊಂಡು ಎದ್ದಳು.

ಗಾಡಿಯ ಹಿಂದೆ ಮಕ್ಕಳು ಸಾಲಾಗಿ ನಿಂತರು. ಇತಾಫ್ ಗೇಟು ಮುಚ್ಚಿದೆಯೇ ಎಂದು ಹೋಗಿ ನೋಡಿದಳು, ತಿರುಗಿ ಬಂದಳು, ಮತ್ತೆ ಹೋಗಿ ಅಗುಳಿ ಅಲುಗಾಡಿಸಿ ಬಂದಳು.

"ಹೂಂ," ಎಂದಳು, "ತಳ್ಳಿ."