ಪೂಜೆಯಾದ ಚೆಂಡು

ಅಡುಗೆಮನೆಯಲ್ಲಿ ಸ್ಟೀಲ್ ಮುಚ್ಚಳ ಕೈಜಾರಿ ಠಣ್ಣೆಂದಾಗಲೆಲ್ಲ ನಾನು ಕೆಳಗೆ ನೋಡುವುದಿಲ್ಲ, ಮೇಲಕ್ಕೆ ನೋಡುತ್ತೇನೆ. ಈ ವಯಸ್ಸಿನಲ್ಲಿ ಸೂರು ನೋಡುತ್ತ ನಿಂತವಳನ್ನು ಕಂಡವರು ಬೇರೆ ಅರ್ಥ ಮಾಡಿಕೊಂಡಾರು. ಆದರೆ ಓದುಗ ಮಿತ್ರರೆ, ನನ್ನ ಕಿವಿಗೆ ಅದು ಮುಚ್ಚಳದ ಸದ್ದಲ್ಲ. ಚಾಮರಾಜನಗರದ ಮೈದಾನವೊಂದರಲ್ಲಿ, ನೀರಿನ ಪೈಪಿನಿಂದ ಮಾಡಿದ ಗೋಲ್‌ಪೋಸ್ಟಿನ ಅಡ್ಡಪೈಪಿಗೆ ಅಮೆರಿಕನ್ ಫುಟ್‌ಬಾಲ್ ಬಡಿದ ಸದ್ದು.

ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಗುಂಡ್ಲುಪೇಟೆಯ ಪುಟ್ಟ ಕಾಲೇಜಿಗೆ ಈ ಕ್ರೀಡೆ ಬಂದದ್ದು ಕ್ರೀಡಾಪ್ರೇಮದಿಂದಲ್ಲ. ತಪಾಸಣೆಗೆ ಬಂದ ಸಮಿತಿಯೊಂದು 'ನಿಮ್ಮಲ್ಲಿ ಯುನೀಕ್ ಆದದ್ದು ಏನಿದೆ?' ಎಂದು ಕೇಳಿತು. ಪ್ರಿನ್ಸಿಪಾಲರು ಕಿಟಕಿಯಾಚೆ ಸೋರುತ್ತಿದ್ದ ಟ್ಯಾಂಕನ್ನು ದಿಟ್ಟಿಸಿ, ಗಂಟಲು ಸರಿಮಾಡಿಕೊಂಡು, 'ಅಮೆರಿಕನ್ ಫುಟ್‌ಬಾಲ್' ಎಂದುಬಿಟ್ಟರು. ಅದನ್ನು ನಿಜ ಮಾಡುವ ಹೊಣೆ ಆಟದ ಮೇಷ್ಟ್ರು ಶಿವಮಲ್ಲಪ್ಪನವರದಾಯಿತು. ಅವರದು ವರ್ಷವರ್ಷವೂ ರಿನ್ಯೂ ಆಗಬೇಕಾದ ತಾತ್ಕಾಲಿಕ ನೌಕರಿ. 'ಆಗಲ್ಲ ಸಾರ್' ಎನ್ನುವ ಸೌಕರ್ಯ ಅವರಿಗಿರಲಿಲ್ಲ. ರೂಲ್‌ಬುಕ್ ಇಂಗ್ಲಿಷಿನಲ್ಲಿದ್ದುದರಿಂದ ಕಾನ್ವೆಂಟಿನವಳಾದ ನಾನು ಟೀಮ್ ಮ್ಯಾನೇಜರ್ ಆದೆ. ಸಿಸ್ಟರ್‌ಗಳು ನನಗೆ ಕಲಿಸಿದ ಏಕೈಕ ಕಾದಾಟ ಎಂಬ್ರಾಯ್ಡರಿ ಸೂಜಿಯೊಂದಿಗಿನದು ಎಂದು ವಿನಯದಿಂದ ನಿವೇದಿಸಿಕೊಂಡೆ. ವಿನಯವನ್ನು ಸಮ್ಮತಿಯೆಂದು ದಾಖಲಿಸಲಾಯಿತು.

ನಿಯಮಗಳನ್ನು ಕನ್ನಡಕ್ಕೆ ತಂದೆ. ಇಂತಿಷ್ಟು ಸೆಕೆಂಡಿನೊಳಗೆ ಚೆಂಡನ್ನು ಆಡದಿದ್ದರೆ ಐದು ಗಜ ಹಿಂದಕ್ಕೆ ಎಂಬ ಪುಟವೊಂದಿತ್ತು. ಬಸ್ಸು, ಮುಹೂರ್ತ, ಮಂತ್ರಿ ಯಾವುದೂ ವೇಳೆಗೆ ಬಾರದ ಸೀಮೆಯಲ್ಲಿ ಸೆಕೆಂಡಿನ ಪ್ರಸ್ತಾಪವೇ ಸಿಲ್ಲಿ ಎನಿಸಿ, ಆ ಪುಟವನ್ನು ಬಿಟ್ಟುಬಿಟ್ಟೆ.

ಚೆಂಡು ಎಸೆಯುವವನನ್ನು ಆರಿಸಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಹಂಗಳದ ಬಸ್ಸು ನಿಲ್ಲುವ ಮೊದಲೇ ಕಿಟಕಿಯ ಸರಳುಗಳ ನಡುವೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ಶಿವಮಲ್ಲಪ್ಪನವರೇ ಪಾರಂಗತರು. ಅವರಿಗೆ ಸಮನಾಗಿ ಎಸೆದವನು ಆಯ್ಕೆಯಾದ. ಒದೆಯುವವನು ಉಡಿಗಾಲದ ಮಾದೇಶ. ಭುಜಕ್ಕೆ ಹಳೇ ಬಸ್ ಸೀಟಿನ ಸ್ಪಂಜು, ತಲೆಗೆ ಬೈಕ್ ಹೆಲ್ಮೆಟ್ಟು. ಮೊದಲ ಸೀಸನ್ನಿನಲ್ಲಿ ಎದುರಾಳಿಗಳೇ ಸಿಗದೆ ಅಜೇಯರಾಗಿ ಉಳಿದೆವು. ಎರಡನೆಯದರಲ್ಲಿ ಎದುರಾಳಿಗಳು ಸಿಕ್ಕರು.

ಮೂರನೆಯ ವರ್ಷ ಪ್ರಿನ್ಸಿಪಾಲರು, "ಒಂದಾದರೂ ಮ್ಯಾಚ್ ಗೆಲ್ಲಿ ಶಿವಮಲ್ಲಪ್ಪ, ಇಲ್ಲದಿದ್ದರೆ ಟೀಮೂ ಇಲ್ಲ, ನೀವೂ ಇಲ್ಲ" ಎಂದರು. ಸೋಲುತ್ತ ಸೋಲುತ್ತ ಉಳಿದದ್ದು ಒಂದೇ ಮ್ಯಾಚು, ಆಯುಧಪೂಜೆ ಮುಗಿದ ಮೂರನೇ ದಿನ, ಚಾಮರಾಜನಗರದಲ್ಲಿ, ಮೈಸೂರಿನ ತಂಡದ ಮೇಲೆ. ಆಟವೆಲ್ಲ ಅವರ ಚೆಂಡಿನಲ್ಲೇ ನಡೆದು, ಕೊನೆಗಳಿಗೆಯಲ್ಲಿ ಅದು ಬೇಲಿಮುಳ್ಳಿಗೆ ಸಿಕ್ಕಿ ಪ್ರಾಣ ಬಿಟ್ಟಿತು. ಆಗ ನಮ್ಮದು ಹೊರಬಂತು: ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ನಾವು ಎರಡೇ ಅಂಕ ಹಿಂದೆ. ಚೆಂಡನ್ನು ಅಡ್ಡಪೈಪಿನ ಮೇಲಿಂದ ದಾಟಿಸಿ ಒದ್ದರೆ ಮೂರು ಅಂಕ, ಶಿವಮಲ್ಲಪ್ಪನವರ ನೌಕರಿ ಭದ್ರ.

"ಒದೀಲಾ ಮಾದೇಸ" ಎಂದರು ಅವರು.

"ಹೆಂಗ್ ಸಾ ಒದಿಯದು? ನೀವೇ ಕಾಯಿ ಒಡ್ದು ಪೂಜೆ ಮಾಡಿದ್ರಲ್ಲ."

ಶಿವಮಲ್ಲಪ್ಪ ಚೆಂಡನ್ನು ಅವನ ಮುಂದಿಟ್ಟರು. "ಕೈ ಮುಗುದ್ಬುಟ್ಟು ಒದಿ. ದೇವ್ರು ಏನೂ ಅನ್ಕೊಳಲ್ಲ ಕಣ."

ಒಬ್ಬನೇ ಮುಗಿದರಾಯಿತೆ? ಮಾದೇಶ ಒದೆಯುವುದು ಹನ್ನೊಂದು ಜನರ ಪರವಾಗಿ, ಪಾಪವೂ ಸಮಪಾಲು. ಹನ್ನೊಂದು ಜನವೂ ಹೆಲ್ಮೆಟ್ ಕಳಚಿ, ಸಾಲಾಗಿ ಬಂದು, ಚೆಂಡು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಏಳನೆಯವನ ಸರದಿಯಲ್ಲಿ, ತಪ್ಪಾಯಿತೆಂದು ಸಾರುವ ರೆಫರಿಯ ಹಳದಿ ಬಟ್ಟೆ ನೆಲಕ್ಕೆ ಬಿತ್ತು. ಎಂಟನೆಯವನು ಅದನ್ನೂ ಎತ್ತಿ ಕಣ್ಣಿಗೊತ್ತಿಕೊಂಡ.

ಐದು ಗಜ ಹಿಂದಕ್ಕೆ. ನಾನು ಬಿಟ್ಟ ಪುಟ.

ಮಾದೇಶ ಒದ್ದ. ಚೆಂಡು ಅಡ್ಡಪೈಪಿಗೆ ಬಡಿದು, ಠಣ್ಣೆಂದು, ನಮ್ಮ ಕಡೆಗೇ ಬಿತ್ತು. ಆ ಐದು ಗಜ ಇಲ್ಲದಿದ್ದರೆ ಏನಾಗುತ್ತಿತ್ತೆಂದು ತಿಳಿಯಲು ಜಾಮಿಟ್ರಿ ಬೇಕಿರಲಿಲ್ಲ.

ಜೂನ್ ತಿಂಗಳು ನೌಕರಿ ರಿನ್ಯೂ ಆದವರ ಪಟ್ಟಿಯಲ್ಲಿ ಶಿವಮಲ್ಲಪ್ಪನವರ ಹೆಸರಿರಲಿಲ್ಲ. ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ಅವರ 'ಯುನೀಕ್ ಸೇವೆ'ಯನ್ನು ಕೊಂಡಾಡಿದರು. ವಂದನಾರ್ಪಣೆ ನನ್ನದು, ಎಕ್ಸಲೆಂಟ್ ಇಂಗ್ಲಿಷಿನಲ್ಲಿ, ಆ ಪುಟದ ಸುದ್ದಿ ಎತ್ತದೆ. ಶುಕ್ರವಾರ ಶುಕ್ರವಾರ ಕನ್‌ಫೆಷನ್ನಿಗೆ ಸಾಲು ನಿಲ್ಲುವ ಹುಡುಗಿಯರನ್ನು ನೋಡುತ್ತ ಬೆಳೆದವಳಿಗೂ ಬಾಯಿ ಬರಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ. "ಈಗ ಚೆಂಡುಹೂ ಲೋಡ್ ಮಾಡ್ಸೋ ಕೆಲ್ಸ ಮೇಡಂ. ಚೆಂಡು ನನ್ನ ಬುಡಂಗಿಲ್ಲ" ಎಂದು ನಕ್ಕರು. ನಾನು ನಗಲಾರದೆ, "ಶಿವಮಲ್ಲಪ್ಪ, ಆ ಸೆಕೆಂಡಿನ ರೂಲ್ ಇತ್ತು. ಆ ಪುಟ ನಾನೇ ಬಿಟ್ಟಿದ್ದು" ಎಂದೆ.

"ಗೊತ್ತು ಬುಡಿ ಮೇಡಂ. ಆಮೇಲೆ ರೆಫ್ರಿ ಹೇಳುದ್ರು. ಪುಟ ಇದ್ದಿದ್ರೂ ಕೈ ಮುಗೀದೆ ಒದಿಯಕ್ಕಾಯ್ತಿತ್ತಾ?"

ಅಷ್ಟರಲ್ಲಿ ಬಸ್ಸು ಬಂತು, ಜನ ಬಾಗಿಲಿಗೆ ಮುತ್ತಿದರು. ಅವರು ಹೆಗಲ ಮೇಲಿನ ಟವೆಲ್ಲನ್ನು ಉಂಡೆಮಾಡಿ, ಅಷ್ಟೂ ತಲೆಗಳ ಮೇಲಿಂದ ಎಸೆದರು. "ಓಗಿ ಮೇಡಂ, ಕಿಟಕಿ ಸೀಟು ನಿಮ್ದು." ಟವೆಲ್ಲು ಎರಡು ಸರಳುಗಳ ನಡುವೆ, ಒಂದನ್ನೂ ಮುಟ್ಟದೆ, ಸೀಟಿನ ಮೇಲೆ ಹೋಗಿ ಕೂತಿತು. ಸದ್ದೇ ಆಗಲಿಲ್ಲ.