ಕುರಿಮರಿಯ ಕೊರಳಿನ ಗಂಟೆ

ಮೊಮ್ಮಗಳಿಗೆ ಸ್ವೆಟರ್ ಹುಡುಕಲು ಮೊನ್ನೆ ಟ್ರಂಕಿನ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಬೇರೆಯವರಿಗೆ ಆ ವಾಸನೆಯಿಂದ ಮದುವೆ ಸೀರೆಯೋ ತವರುಮನೆಯೋ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಒಂದು ಕರಿ ಕೋಟು, ಅದರೊಳಗೆ ನಮ್ಮ ಕನ್ನಡ ಮೇಷ್ಟ್ರು. ಇಷ್ಟು ವರ್ಷವಾದರೂ ಆ ಮನುಷ್ಯನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳಬೇಕೆಂಬ ಆಸೆಯೂ ನನಗಿಲ್ಲ.

ಎಪ್ಪತ್ತರ ದಶಕದ ಕೊನೆ. ಚಿಕ್ಕಜಾಜೂರಿನ ಹೈಸ್ಕೂಲಿಗೆ ನಾನು ನಮ್ಮ ಹಟ್ಟಿಯಿಂದ ನಡೆದು ಹೋಗುತ್ತಿದ್ದೆ. ಅಪ್ಪನದು ಕುರಿ ಸಾಕುವ ಮನೆ. ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಬಂದ ಹೆಣ್ಣುಮಗಳು ನಾನೊಬ್ಬಳೇ. ಮೇಷ್ಟ್ರು ಬಿರುಬಿಸಿಲಿನಲ್ಲೂ ಆ ಕೋಟು ಹಾಕಿಕೊಂಡೇ ಬರುತ್ತಿದ್ದರು. ಅವರು ಬೆಂಚಿನ ಪಕ್ಕ ಬಂದು ನಿಂತರೆ ನುಸಿಗಳ ಜೊತೆ ನಾವೂ ಸಾಯಬೇಕು, ಹಾಗಿರುತ್ತಿತ್ತು ಆ ಘಾಟು.

ಅವರಿಗೆ ಒಂದು ಹುಚ್ಚಿತ್ತು. ಅವರ ಪಾಲಿಗೆ ಲೋಕದ ಯಾವ ವಸ್ತುವೂ ಬರೀ ವಸ್ತುವಲ್ಲ, ಸಂಕೇತ. ಪದ್ಯದಲ್ಲಿ ಕಾಗೆ ಬಂದರೆ ಅದು ಕಾಗೆಯಲ್ಲ, ಕಾಲ. ಬಾವಿ ಬಂದರೆ ಬಾವಿಯಲ್ಲ, ಮನಸ್ಸು. "ಯಾವುದು ಮತ್ತೆ ಮತ್ತೆ ಬರ್ತದೋ ಅದರ ಬೆನ್ನು ಹತ್ರಿ, ಗುಟ್ಟೆಲ್ಲ ಅಲ್ಲೇ ಇರ್ತದೆ," ಎನ್ನುತ್ತಿದ್ದರು. ಈ ಒಂದು ಮಾತು ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಬೆನ್ನು ಹತ್ತಲು ನಮ್ಮನ್ನು ಬಿಟ್ಟರೆ ತಾನೆ? ಪ್ರಶ್ನೆಯನ್ನೂ ಅವರೇ ಕೇಳಿ, ಉತ್ತರವನ್ನೂ ಅವರೇ ಬರೆಸಿ, ಬರೆಸಿದ್ದನ್ನು ನಾವು ಒಪ್ಪಿಸಿದಾಗ ತಲೆದೂಗುತ್ತಿದ್ದರು.

ಊರೆಲ್ಲ ಅವರಿಗೆ ಕೈಮುಗಿಯುತ್ತಿತ್ತು. ಅದಕ್ಕೆ ಕಾರಣ ಅವರ ಪಾಂಡಿತ್ಯವಲ್ಲ. ಚಿತ್ರದುರ್ಗದಲ್ಲಿ ಬಡ ಹೆಣ್ಣುಮಕ್ಕಳಿಗೆಂದು ದಾನಿಗಳು ನಡೆಸುತ್ತಿದ್ದ ಒಂದು ಹಾಸ್ಟೆಲ್ ಇತ್ತು, ಅದರ ಕಮಿಟಿಯಲ್ಲಿ ಇವರಿದ್ದರು. ನಮ್ಮ ಕಡೆಯ ಯಾವ ಹುಡುಗಿ ಕಾಲೇಜು ಸೇರಬೇಕು, ಯಾವಳು ಮನೆಯಲ್ಲಿರಬೇಕು ಎನ್ನುವುದು ಅವರ ನಾಲಿಗೆಯ ಮೇಲಿತ್ತು. ಸುಗ್ಗಿಯಲ್ಲಿ ಅವರ ಮನೆಗೆ ಶೇಂಗಾ ಹೋಗುತ್ತಿತ್ತು, ಬೆಣ್ಣೆ ಹೋಗುತ್ತಿತ್ತು. ನಮ್ಮ ಅವ್ವನೂ ಕೊಟ್ಟು ಬಂದವಳೇ. ಅವಳಿಗೆ ನನ್ನನ್ನು ಪಿಯುಸಿ ಓದಿಸುವ ಹಟ. ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದ: "ಹಾಸ್ಟಲ್ ಸಿಕ್ರೆ ಓದ್ಲಿ. ಸಿಗ್ಲಿಲ್ವ, ಶ್ರಾವಣದಾಗೆ ಮದುವಿ ಮಾಡಿ ಕಳಿಸ್ತೀನಿ."

ಆ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಸ್ಟೇಷನ್ ಪಕ್ಕದ ರೈಲ್ವೆಯವರ ಹಾಲಿನಲ್ಲಿ ಸಿನಿಮಾ ತೋರಿಸಿದರು. ಕ್ರೈಸ್ತರಾದ ಗಾರ್ಡ್ ಸಾಹೇಬರೊಬ್ಬರು ಹುಬ್ಬಳ್ಳಿಯಿಂದ ಯಾರದೋ ಪ್ರೊಜೆಕ್ಟರೂ ಒಂದು ಪುಟ್ಟ ರೀಲೂ ತಂದಿದ್ದರು. ಸ್ಕೂಲಿನ ಮಕ್ಕಳೂ ಬರಲಿ ಎಂದು ಹೇಳಿ ಕಳಿಸಿದ್ದರು. ಈಗ ಕಾರ್ಟೂನ್ ಅನ್ನುತ್ತಾರಲ್ಲ, ಅಂಥದ್ದು. ನಾವು ಆಗ ಗೊಂಬೆ ಸಿನಿಮಾ ಎಂದೆವು. ಬರೆದ ಚಿತ್ರಗಳು ಎದ್ದು ಓಡಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಕಥೆ ಸಣ್ಣದು. ಹಿಮ ಬೀಳುವ ಒಂದು ಊರು. ನಮ್ಮ ಹಟ್ಟಿಯ ಚಿಕ್ಕ ಮಕ್ಕಳು ಅದನ್ನು ಉಣ್ಣೆಯೆಂದುಕೊಂಡು, ಅಷ್ಟೊಂದು ಕುರಿಗಳ ಉಣ್ಣೆ ಯಾರು ಕತ್ತರಿಸುತ್ತಿದ್ದಾರೆ ಎಂದು ಮೇಲೆ ನೋಡುತ್ತಿದ್ದರು. ಕೆಂಪು ಪರದೆಯ ಕಿಟಕಿಯಿದ್ದ ಒಂದು ಮನೆ. ಆ ಮನೆಯ ಮುಂದೆ ಕೊರಳಲ್ಲಿ ಗಂಟೆ ಕಟ್ಟಿದ ಒಂದು ತಾಯಿಕುರಿ, ಅದರ ಹೊಟ್ಟೆಗಂಟಿಕೊಂಡು ಒಂದು ಮರಿ. ಮನೆಯ ಹುಡುಗಿ ಮರಿಯ ಜೊತೆ ಆಡುತ್ತಾಳೆ. ಹಬ್ಬದ ದಿನ ಬರುತ್ತದೆ. ನೆಂಟರು ಸೇರುತ್ತಾರೆ. ಮುಚ್ಚಿದ ದೊಡ್ಡ ತಟ್ಟೆಯೊಂದನ್ನು ಮೇಜಿನ ಮೇಲೆ ತಂದಿಡುತ್ತಾರೆ. ಹುಡುಗಿ ಮಾತ್ರ ಊಟದಿಂದೆದ್ದು ಹೊರಗೆ ಬರುತ್ತಾಳೆ. ಹೊರಗೆ ಮರಿ ಒಂಟಿಯಾಗಿ ನಿಂತಿರುತ್ತದೆ, ಈಗ ಗಂಟೆ ಅದರ ಕೊರಳಲ್ಲಿದೆ. ಮೇಲೊಂದು ನಕ್ಷತ್ರ. ಇಬ್ಬರೂ ಹಿಮದಲ್ಲಿ ನಡೆಯುತ್ತಾರೆ, ಗಂಟೆಯ ಸದ್ದು ದೂರವಾಗುತ್ತದೆ... ಮುಗಿಯಿತು.

ಬೆಳಕು ಬಂದಾಗ ನಾನು ಅಳುತ್ತಿದ್ದೆ. ಅದರಲ್ಲಿ ಆಡಿದ ಇಂಗ್ಲಿಷು ಒಂದಕ್ಷರ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ಮಕ್ಕಳೆಲ್ಲ ಇನ್ನೊಮ್ಮೆ ಹಾಕಿರೆಂದು ಗಲಾಟೆ ಮಾಡಿದರು. ಪಾಪ, ಗಾರ್ಡ್ ಸಾಹೇಬರು ರೀಲು ಸುತ್ತಿ ಮತ್ತೆ ಹಾಕಿದರು. ಆಗ ನಮ್ಮ ಮೇಷ್ಟ್ರು ಬೆತ್ತ ಹಿಡಿದು ಪರದೆಯ ಪಕ್ಕ ಹೋಗಿ ನಿಂತರಲ್ಲ! ಹಿಮ ಬಿದ್ದರೆ "ಸತ್ವಗುಣ!" ಎಂದು ಬೆತ್ತ. ಕೆಂಪು ಪರದೆ ಕಂಡರೆ "ಮಾಯೆ! ಮೂರು ಸಲ ಬಂತು ನೋಡ್ರಿ, ಮಾಯೆ!" ಎಂದು ಬೆತ್ತ. ಕುರಿಮರಿ ಜೀವಾತ್ಮ, ನಕ್ಷತ್ರ ಪರಮಾತ್ಮ, ಗಂಟೆ ಪರಮಾತ್ಮನ ಕರೆ. ಅವರ ಮೂಗಿನ ನೆರಳು ಸೀದಾ ಮರಿಯ ಮೈಮೇಲೆ ಬಿದ್ದಿತ್ತು. ಆ ಸಲ ನಾನು ಮರಿಯನ್ನು ನೋಡಲೇ ಇಲ್ಲ, ಮೂಗನ್ನು ನೋಡಿದೆ. ಏಸುವಿನ ಹಬ್ಬದ ಸಿನಿಮಾ ನಮ್ಮ ಮೇಷ್ಟ್ರ ಕೈಯಲ್ಲಿ ವೇದಾಂತವಾಗಿ ಹೊರಬಂತು. ಗಾರ್ಡ್ ಸಾಹೇಬರು ನಕ್ಕು ರೀಲು ಸುತ್ತಿಕೊಂಡರು. ಮಾರನೆಯ ವಾರ ಮೇಷ್ಟ್ರು ಅದನ್ನೆಲ್ಲ ಕ್ಲಾಸಿನಲ್ಲಿ ನೋಟ್ಸು ಬರೆಸಿದರು.

ನನಗೆ ಕಂಡದ್ದೇ ಬೇರೆ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಅದು ಕಾಣದೆ ಇರುವುದಿಲ್ಲ. ನಮ್ಮಲ್ಲಿ ಮಂದೆಯ ಮುಂದೆ ನಡೆಯುವ ಕುರಿಗೆ ಮಾತ್ರ ಗಂಟೆ. ಅದು ಬದುಕಿರುವ ತನಕ ಆ ಗಂಟೆಯನ್ನು ಬಿಚ್ಚುವುದಿಲ್ಲ. ಸತ್ತರೆ, ಮಾರಿದರೆ, ಕೊಯ್ದರೆ, ಅದೇ ದಿನ ಅದರ ಮರಿಯ ಕೊರಳಿಗೆ ಕಟ್ಟುತ್ತಾರೆ, ಮಂದೆ ಚದುರಬಾರದೆಂದು. ಅಂಥ ದಿನ ಅವ್ವ ಕಣ್ಣೊರೆಸಿಕೊಂಡೇ ಗಂಟು ಹಾಕುತ್ತಿದ್ದಳು. ಮೇಷ್ಟ್ರ ಮಾತಿನಂತೆ ನಾನು ಮತ್ತೆ ಮತ್ತೆ ಬರುವುದರ ಬೆನ್ನು ಹತ್ತಿದ್ದೆ. ಗಂಟೆ ತಾಯಿಯ ಕೊರಳಲ್ಲಿತ್ತು, ಮರಿಯ ಕೊರಳಿಗೆ ಬಂತು. ಅಂದಮೇಲೆ ಮುಚ್ಚಿದ ತಟ್ಟೆಯಲ್ಲಿ ಏನಿತ್ತು, ಹುಡುಗಿ ಯಾಕೆ ಉಣ್ಣಲಿಲ್ಲ ಎಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಪರೀಕ್ಷೆ ಪಾಸಾದೆ, ಒಳ್ಳೆಯ ನಂಬರೇ ಬಂದಿತ್ತು. ಜೂನಿನಲ್ಲಿ ಹಾಸ್ಟೆಲಿನ ಇಂಟರ್‌ವ್ಯೂ. ಅವ್ವ, ನಾನು, ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿ, ಅವಳಪ್ಪ, ನಾಲ್ವರೂ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ದುರ್ಗಕ್ಕೆ ಹೋದೆವು. ಹಾಸ್ಟೆಲಿಗೆ ಹಾಸಿಗೆ ಹೊದಿಕೆ ನಾವೇ ಒಯ್ಯಬೇಕಿತ್ತು. ಅವತ್ತೇ ಬಿಟ್ಟು ಬರುವುದೆಂದು ಅವ್ವ ಹೊಸ ಕಂಬಳಿಯೊಂದನ್ನು ಸುತ್ತಿ ತಂದಿದ್ದಳು. ಅಷ್ಟು ನಂಬಿಕೆ ಅವಳಿಗೆ.

ಗೆಳತಿ ಮೊದಲು ಒಳಗೆ ಹೋಗಿ ನಗುತ್ತಾ ಬಂದಳು. "ಸಿನಿಮಾದ್ದೇ ಕೇಳಿದ್ರು ಕಣೇ. ನೋಟ್ಸಿನಾಗಿರೋದು ಹೇಳ್ದೆ, ಅಷ್ಟೆ," ಎಂದಳು. ನನಗೂ ಧೈರ್ಯ ಬಂತು.

ಒಳಗೆ ಮೇಷ್ಟ್ರು, ಜೊತೆಗೆ ಕಮಿಟಿಯ ಇಬ್ಬರು ಹಿರಿಯರು. ಕುರಿಮರಿಯ ಕೊರಳಿನ ಗಂಟೆ ಏನನ್ನು ಸಂಕೇತಿಸುತ್ತದೆ ಎಂದು ಮೇಷ್ಟ್ರು ಕೇಳಿದರು. "ಪರಮಾತ್ಮನ ಕರೆ, ಸಾ," ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರಿಗೆ ಹಿರಿಯರ ಮುಂದೆ ದೊಡ್ಡತನ ತೋರಿಸುವ ಚಪಲ.

"ನೋಡ್ರಿ, ಎಲ್ಲಾ ಗಿಳಿಪಾಠ ಒಪ್ಪಿಸ್ತಾರೆ," ಎಂದು ಅವರ ಕಡೆ ನಕ್ಕು, ನನ್ನ ಕಡೆ ತಿರುಗಿದರು. "ನಾನು ಬರೆಸಿದ್ದು ಬ್ಯಾಡಮ್ಮ. ನಿನಗೇನು ಅನ್ನಿಸ್ತು, ಅದನ್ನ ಹೇಳು. ಹೆದರಬ್ಯಾಡ."

ಹೆದರಬೇಡ ಎಂದರು. ನಾನು ನಂಬಿದೆ.

"ಸಾ, ಆ ಗಂಟಿ ಮದ್ಲು ತಾಯಿ ಕೊಳ್ಳಾಗಿತ್ತು. ತಾಯಿ ಇರೋ ತನ್ಕ ಮರಿಗೆ ಗಂಟಿ ಕಟ್ಟಲ್ಲ ಸಾ. ಹಬ್ಬದ ಊಟಕ್ಕೆ ತಾಯಿನ ಕೊಯ್ದವ್ರೆ. ಅದ್ಕೇ ಆ ಹುಡುಗಿ ಉಣ್ಣದಂಗೆ ಎದ್ದು ಹೋದ್ಲು."

ಹಿರಿಯರಲ್ಲಿ ಒಬ್ಬರು ಮುಂದಕ್ಕೆ ಬಾಗಿ, "ಹೌದೇನ್ರಿ ಮೇಷ್ಟ್ರೇ? ನೀವು ಈ ವಿಷ್ಯ ಹೇಳ್ಲೇ ಇಲ್ವಲ್ರಿ," ಎಂದರು. ತಮಾಷೆಗೆ ಅಂದದ್ದೋ ನಿಜವಾಗಿ ಕೇಳಿದ್ದೋ ತಿಳಿಯದು. ಮೇಷ್ಟ್ರ ಮುಖ ಮಾತ್ರ ಸುಟ್ಟ ಬದನೆಕಾಯಿಯಾಯಿತು.

"ಕುರಿ ಕಾಯೋರ ಮನೆಯೋಳು ಕಣ್ರಿ," ಎಂದರು. "ಕೊಯ್ಯೋದು, ಉಣ್ಣೋದು, ಅದು ಬಿಟ್ರೆ ಇವ್ರ ಕಣ್ಣಿಗೆ ಬೇರೆ ಏನ್ ಕಾಣ್ತದೆ? ದೇವರ ಹಬ್ಬದ ಸಿನಿಮಾದಾಗೂ ಕಸಾಯಿಖಾನೆ ಕಂಡೈತೆ. ಇಂಥೋರಿಗೆ ಸೀಟು ಕೊಟ್ಟು ಏನ್ ಮಾಡಾಣ? ಹೋಗಮ್ಮ, ಹೋಗು."

ಮಧ್ಯಾಹ್ನ ಗುಮಾಸ್ತ ಹೊರಗೆ ಬಂದು ಸೀಟು ಸಿಕ್ಕವರ ಹೆಸರು ಕೂಗಿದ. ಗೆಳತಿಯದಿತ್ತು. ನನ್ನದಿರಲಿಲ್ಲ. ಅವನು ಒಳಗೆ ಹೋದ ಮೇಲೂ ಅವ್ವ ಆ ಬಾಗಿಲನ್ನೇ ನೋಡುತ್ತಾ ಕುಳಿತಿದ್ದಳು.

ವಾಪಸು ರೈಲಿನಲ್ಲಿ ಕಂಬಳಿ ಅವಳ ತೊಡೆಯ ಮೇಲಿತ್ತು. ಅದನ್ನು ಸವರುತ್ತಾ ಕೇಳಿದಳು, "ಏನ್ ಕೇಳಿದ್ರೇ ಒಳಗೆ?"

"ಸಿನಿಮಾದಾಗಿನ ಕುರಿಮರಿ ಗಂಟಿ ವಿಷ್ಯ ಕೇಳಿದ್ರವ್ವ."

"ಕುರಿ ವಿಷ್ಯನಾ?" ಅವಳ ಮುಖ ಅರಳಿಬಿಟ್ಟಿತು. "ಅದು ನಿಂಗೆ ಗೊತ್ತಿರೋದೇ ಅಲ್ಲೇನೇ!"

ನಾನು ಹೇಳಿದ್ದನ್ನು ಅವಳಿಗೂ ಹೇಳಿದೆ. "ಗಂಟಿ ಮರಿ ಕೊಳ್ಳಿಗೆ ಬಂತು ಅಂದ್ರೆ ತಾಯಿ ಹೋತು ಅಂತ್ಲೇ ಅರ್ಥ. ಅದ್ರಾಗೆ ತಪ್ಪೇನೈತೆ?" ಎಂದಳು. ಚಿಕ್ಕಜಾಜೂರಿನಲ್ಲಿ ಕಂಬಳಿಯನ್ನು ಹೆಗಲಿಗೇರಿಸಿಕೊಂಡು ಇಳಿದಳು. ಶ್ರಾವಣದಲ್ಲಿ ಆ ಕಂಬಳಿ ನನ್ನ ಮದುವೆಯ ಸಾಮಾನಿನ ಜೊತೆ ಹೊಸದುರ್ಗಕ್ಕೆ ಬಂತು.

ನನ್ನ ಅರ್ಥವೇ ಸರಿ ಎಂದು ನಾನು ಇವತ್ತಿಗೂ ಹಟ ಹಿಡಿಯುವುದಿಲ್ಲ. ಮೊಮ್ಮಗಳು ಟಿವಿಯಲ್ಲಿ ನೋಡುವ ಕಾರ್ಟೂನುಗಳಲ್ಲಿ ಆ ದೇಶದವರು ಕಂಡದ್ದಕ್ಕೆಲ್ಲ ಗಂಟೆ ಕಟ್ಟಿರುತ್ತಾರೆ, ಬಾಗಿಲಿಗೂ ಗಿಡಕ್ಕೂ. ಬರೀ ಅಂದಕ್ಕೆ ಕಟ್ಟಿದ್ದನ್ನು ನಾನು ನಮ್ಮ ಹಟ್ಟಿಯ ಕಣ್ಣಿನಿಂದ ನೋಡಿ ಅತ್ತಿರಬಹುದು. ಹಾಗಿದ್ದರೆ ಅದನ್ನು ಹೇಳಬಹುದಿತ್ತು. "ತಪ್ಪಮ್ಮ, ಅವರ ಪದ್ಧತಿ ಬೇರೆ," ಎಂದಿದ್ದರೆ ನಾನು ಕಲಿತು ಎದ್ದು ಬರುತ್ತಿದ್ದೆ. ಅವರಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳಲು ನನ್ನ ಮನೆಯನ್ನು, ನನ್ನ ಜನರನ್ನು ಎಳೆದರು. ನಮ್ಮ ಕಂಬಳಿ ಹೊದೆಯಲು ಬೇಕು, ನಮ್ಮ ಬೆಣ್ಣೆ ತಿನ್ನಲು ಬೇಕು, ನಮ್ಮ ಕಣ್ಣಿಗೆ ಕಂಡದ್ದು ಮಾತ್ರ ಬೇಡ.

ಗಂಡ ಕೆಟ್ಟವರೇನಲ್ಲ. ಹಿಟ್ಟಿನ ಗಿರಣಿ ಇತ್ತು, ಊಟ ಬಟ್ಟೆಗೆ ಕೊರತೆಯಾಗಲಿಲ್ಲ. ಗಿರಣಿಯಲ್ಲಿ ಕೂತು ಲೈಬ್ರರಿಯ ಪುಸ್ತಕ ಓದಿದೆ, ಮಕ್ಕಳನ್ನು ಓದಿಸಿದೆ. ಆದರೂ ಬೆಳಗ್ಗೆ ಕಾಲೇಜಿನ ಹುಡುಗಿಯರು ಗಿರಣಿಯ ಮುಂದೆ ಹಾದು ಹೋಗುವಾಗ ಬೇಕೆಂದೇ ಒಳಕ್ಕೆ ಹೋಗಿಬಿಡುತ್ತಿದ್ದೆ.

ಒಮ್ಮೆ ಹೊಸದುರ್ಗದ ಯಾವುದೋ ಸಭೆಗೆ ಮೇಷ್ಟ್ರು ಭಾಷಣಕ್ಕೆ ಬಂದಿದ್ದರು. ನಿವೃತ್ತರಾಗಿದ್ದರು, ಅದೇ ಕೋಟು. ಮಕ್ಕಳ ಸ್ವಂತ ಯೋಚನೆಗೆ ಬೆಲೆ ಕೊಡಬೇಕು ಎಂದರು. ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಸಭೆ ಮುಗಿದ ಮೇಲೆ ಎದುರು ನಿಂತು ಕೇಳಿಯೇಬಿಡುತ್ತೇನೆಂದು ಜನರ ನಡುವೆ ನುಗ್ಗಿದೆ. ಅವರು ಎಲ್ಲರಿಗೂ ಮುಗಿದಂತೆ ನನಗೂ ಕೈಮುಗಿದು, ನಕ್ಕು, ಕಾರು ಹತ್ತಿದರು. ಗುರುತೇ ಸಿಕ್ಕಿರಲಿಲ್ಲ. ನನ್ನನ್ನು ಅವರು ಇಂಟರ್‌ವ್ಯೂ ದಿನ ಸಂಜೆಯೊಳಗೇ ಮರೆತಿರಬೇಕು. ನಾನು ಮಾತ್ರ ಜೀವಮಾನವಿಡೀ ಅವರನ್ನು ಹೊತ್ತುಕೊಂಡು ತಿರುಗಿದೆ.

ಟ್ರಂಕು ಮುಚ್ಚಿಟ್ಟ ಮಾರನೆಯ ದಿನವೇ ಗೆಳತಿಯ ಫೋನು ಬಂತು. ಅವಳು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿ ಈಗ ಹಿರಿಯೂರಿನಲ್ಲಿದ್ದಾಳೆ. ಹಬ್ಬ ಹುಣ್ಣಿಮೆಗೆ ತಪ್ಪದೆ ಮಾತಾಡುತ್ತಾಳೆ. ಒಳ್ಳೆಯವಳು.

"ಮೇಷ್ಟ್ರು ಹೋಗ್ಬಿಟ್ರು ಕಣೇ," ಎಂದಳು. ದನಿ ಒಡೆದಿತ್ತು. "ಹೊಳಲ್ಕೆರೆಯಾಗೆ ನುಡಿನಮನ ಇಟ್ಕಂಡೀವಿ. ನೀನೂ ಬಾ. ಎಲ್ಡು ಮಾತಾಡೀಯಂತೆ."

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡಲಿಲ್ಲ. ಆದರೆ ನನಗಾದದ್ದು ದುಃಖವಲ್ಲ. ಎದುರು ಕೂರಿಸಿಕೊಂಡು ಕೇಳಲು ಕಾದಿದ್ದ ಒಬ್ಬ ಮನುಷ್ಯ, ಉತ್ತರ ಕೊಡದೆ ಎದ್ದು ಹೋಗಿಬಿಟ್ಟಿದ್ದ.

"ಬರ್ತೀಯಲ್ಲೇನೇ? ಅವ್ರು ಇಲ್ದಿದ್ರೆ ನಾವೆಲ್ಲ ಓದ್ತಿದ್ವೇನೇ?" ಎಂದಳು.

"ನಾನು ಓದ್ಲಿಲ್ಲ ಕಣೇ," ಎಂದೆ.

ಅವಳು ಮರೆತಿದ್ದಳು. ಸಣ್ಣಗೆ, "ಅಯ್ಯೋ, ಹೌದಲ್ವೇನೇ..." ಎಂದು ಅಳತೊಡಗಿದಳು.

ಆ ಮನುಷ್ಯನ ಮುಂದೆ ನಿಂತು ಹೇಳಬೇಕೆಂದು ನಾನು ಇಟ್ಟುಕೊಂಡಿದ್ದ ಮಾತು, ನಾನು ಓದಲಿಲ್ಲ ಎಂಬ ಅದೊಂದೇ. ಕೊನೆಗೆ ಅದು ಹೋಗಿ ತಗುಲಿದ್ದು, ನನಗೆ ಏನೂ ತಪ್ಪು ಮಾಡದ ಇವಳಿಗೆ.